ಕೆಂಚವ್ವ ಕೋಟೆ ಬಾಗಿಲು ತೆಗೆದದ್ದು

ಬಾ ಪುಟ್ಟಾ, ಇತ್ತ ಸರಿದು ಮಲಕ್ಕೋ. ಕಾಲು ಒಳಗೆ ಎಳ್ಕೋ, ಥಂಡಿ ಐತೆ. ಹೂಂ ಅಂತಿರಬೇಕು ಮತ್ತೆ, ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಹಾಗಿರೋ ಒಂದು ಬೆಟ್ಟದ ಮೇಲೆ ಕರಿಗಲ್ಲದುರ್ಗ ಅಂತ ಕೋಟೆ ಇತ್ತಂತೆ. ಅದನ್ನ ಆಳ್ತಿದ್ದೋಳು ಕೆಂಚವ್ವ ಅನ್ನೋ ದೊರೆಸಾನಿ. ಆಕೆ ದೊರೆಗಳ ಮನೇಲಿ ಹುಟ್ಟಿದೋಳಲ್ಲ, ಕುರುಬರ ಮನೆ ಮಗಳು. ಅಲ್ಲಿನ ದೊರೆ ಒಂದ್ಸಲ ಬೇಟೆಗೆ ಹೋದಾಗ ಕುದುರೆ ಎಡವಿ ಬಂಡೆ ಸಂದೀಲಿ ಬಿದ್ದುಬಿಟ್ನಂತೆ, ಜೊತೆಯವರು ಹಗ್ಗ ತರೋಕೆ ಅಂತ ಓಡಿದ್ರಂತೆ, ಅಷ್ಟರಲ್ಲಿ ಅಲ್ಲೇ ಕುರಿ ಮೇಯಿಸ್ತಿದ್ದ ಈ ಹುಡುಗಿ ಹೊದ್ದಿದ್ದ ಕಂಬಳಿನೇ ಇಳಿಬಿಟ್ಟು, ಕಲ್ಲಿಗೆ ಕಾಲು ಕೊಟ್ಟು, ಒಬ್ಬಳೇ ಅವನನ್ನ ಮೇಲಕ್ಕೆ ಎಳೆದ್ಲಂತೆ. ದೊರೆ ಆಕೆನೇ ಮದುವೆ ಆದ. ಆಮೇಲೆ ಒಂದಷ್ಟು ವರ್ಷ ಚೆನ್ನಾಗಿದ್ರು, ಆಮೇಲೆ ದೊರೆ ತೀರಿಕೊಂಡ, ಮಕ್ಕಳಿರಲಿಲ್ಲ, ಊರಿನೋರೆಲ್ಲ ಸೇರಿ ಇನ್ಮೇಲೆ ನೀನೇ ಗದ್ದುಗೆ ಮೇಲೆ ಕೂರವ್ವಾ ಅಂತ ಕೂರಿಸಿದ್ರಂತೆ.

ಇದು ಪಕ್ಕದ ಸೀಮೆಯವರಿಗೆ ಹಿಡಿಸಲಿಲ್ಲ. ಅಲ್ಲಿನ ದೊರೆ ಬೊಮ್ಮರಸನಾಯಕ, ಅವನ ತಾಯಿ ತಿಮ್ಮಾಜಮ್ಮ. ಆ ಮುದುಕಿ ಅಂದ್ರೆ ಏನಂತ ತಿಳ್ಕೊಂಡೆ, ಹಿಂದಿನ ಏಳು ತಲೆ ದೊರೆಗಳ ಹೆಸರು ನಾಲಿಗೆ ತುದೀಲೇ ಇರ್ತಿತ್ತಂತೆ. ಮಗನ್ನ ಕೂರಿಸ್ಕೊಂಡು ಹೇಳಿದ್ಲಂತೆ, ಕುರಿ ಕಾಯೋಳ ಕೈಲಿ ಕೋಟೆ ಬೀಗದಕೈ ಇರಬಾರದು ಕಣಪ್ಪ, ದೊರೆತನ ರಕ್ತದಲ್ಲಿ ಬರಬೇಕು, ಇವತ್ತು ಇದನ್ನ ಸುಮ್ಮನೆ ಬಿಟ್ರೆ ನಾಳೆ ನಮ್ಮ ಕುರುಬನೂ ನಿನ್ನ ಗದ್ದುಗೆ ಕೇಳ್ತಾನೆ ಅಂತ. ಸರಿ, ಬೊಮ್ಮರಸನಾಯಕ ದಂಡು ಕಟ್ಟಿಕೊಂಡು ಹೊರಟ. ಅವಳು ಗದ್ದುಗೆ ಇಳಿಯೋದನ್ನ ಕಣ್ಣಾರೆ ನೋಡಬೇಕು ಅಂತ ಮುದುಕಿನೂ ಜೊತೆಗೆ ಬಂದ್ಲು.

ದಂಡು ಅಂದ್ರೆ ಎಂಥಾ ದಂಡು! ಕೋಟೆ ಮೇಲಿಂದ ನೋಡಿದ್ರೆ ಬಯಲಲ್ಲಿ ನೆಲವೇ ಕಾಣ್ತಿರಲಿಲ್ಲವಂತೆ, ಬರೀ ಕುದುರೆ, ಬರೀ ಡೇರೆ. ಬೆಟ್ಟದ ಸುತ್ತ ಕಾವಲು ಹಾಕಿ ಒಂದು ಹಿಡಿ ರಾಗಿನೂ ಮೇಲಕ್ಕೆ ಹೋಗದಂಗೆ ಮಾಡಿಬಿಟ್ರು. ಕೋಟೆ ಒಳಗೆ ಕಣಜ ಬರಿದಾಗ್ತಾ ಬಂತು. ದಳವಾಯಿ ಹೊನ್ನಪ್ಪ ಅಂತ ಇದ್ದ, ಕೆಂಚವ್ವನ ದಂಡಿನ ಯಜಮಾನ, ಅವನ ಒಡಹುಟ್ಟಿದ ತಮ್ಮನೇ ಅವರ ಬಾಣ ತಗುಲಿ ಸತ್ತುಹೋದ. ಕೆಂಚವ್ವ ತನ್ನ ಪಾಲಿನ ಊಟದಲ್ಲೇ ಅರ್ಧ ಮಾಡಿ ಮಕ್ಕಳಿರೋ ಮನೆಗೆ ಕಳಿಸ್ತಿದ್ಲಂತೆ. ನೀರಿಗೆ ಮಾತ್ರ ಬರ ಇರಲಿಲ್ಲ. ಬೆಟ್ಟದ ನೆತ್ತೀಲಿ ಬಂಡೆಗಳ ನಡುವೆ ಒಂದು ದೊಣೆ ಇತ್ತು, ಎಂಥ ಬೇಸಿಗೇಲೂ ಬತ್ತದ ತಣ್ಣನೆ ನೀರು.

ಕೆಳಗಡೆ ಏನಾಯ್ತು ಅಂದ್ರೆ, ಅಷ್ಟೊಂದು ಕುದುರೆ, ಅಷ್ಟೊಂದು ಜನ ಒಂದೇ ಹಳ್ಳಕ್ಕೆ ಇಳಿದು ಹಳ್ಳದ ನೀರು ಹಸಿರಾಗಿ ಕೆಟ್ಟುಹೋಯ್ತು, ಡೇರೆ ಡೇರೆಗೂ ಜ್ವರ ಬಂತು, ತಿಮ್ಮಾಜಮ್ಮನಿಗೂ ಬಂತು. ಗುಟುಕು ನೀರು ಕುಡಿದ್ರೂ ವಾಂತಿ. ಆಕೆಯ ದಾಸಿ ಇದನ್ನ ನೋಡಲಾರದೆ ಯಾರಿಗೂ ಹೇಳದೆ ಒಂದು ಕೊಡ ಹಿಡ್ಕೊಂಡು ಬೆಟ್ಟ ಹತ್ತಿ ಕೋಟೆ ಬಾಗಿಲಿಗೆ ಬಂದ್ಲು. ನಮ್ಮ ತಿಮ್ಮಾಜಮ್ಮನಿಗೆ ಒಂದು ಕೊಡ ಒಳ್ಳೆ ನೀರು ಕೊಡಿ ಅಂದ್ಲು. ಗೋಡೆ ಮೇಲಿದ್ದೋರು ಕಲ್ಲು ತಗೊಂಡ್ರಂತೆ. ದಳವಾಯಿ ಹೊನ್ನಪ್ಪ, ಕೊಡೋಣ ಬಿಡಿ, ಅದರಲ್ಲಿ ಎರಡು ವಿಷದ ಕಾಯಿ ಅರೆದು ಹಾಕಿ ಕೊಡೋಣ ಅಂದ.

ಏನು? ವಿಷ ಹಾಕಿದ್ಲಾ ಅಂತೀಯಾ? ಕೇಳು ಮತ್ತೆ.

ಕೆಂಚವ್ವ ಯಾರ ಕೈಗೂ ಕೊಡದೆ ತಾನೇ ಕೊಡ ತಗೊಂಡು ಹೋಗಿ ದೊಣೇಲಿ ತುಂಬಿಸಿ ತಂದ್ಲು, ದಾಸಿ ಎದುರಿಗೇ ಒಂದು ಬೊಗಸೆ ತಾನು ಕುಡಿದ್ಲು, ಆಮೇಲೆ ಕೊಡವನ್ನ ಅವಳ ತಲೆ ಮೇಲೆ ಎತ್ತಿಟ್ಟು ಹುಷಾರಾಗಿ ಇಳಿ ಅಂತ ಕಳಿಸಿದ್ಲಂತೆ.

ಆಮೇಲೆ ಎರಡು ದಿನ ಬಿಟ್ಟು ದಾಸಿ ಮತ್ತೆ ಬಂದ್ಲು. ನೀರು ಹೊಟ್ಟೇಲಿ ನಿಂತೈತೆ, ಆದ್ರೆ ಡೇರೇಲಿ ಮಾಡೋ ಊಟ ಒಳಗೆ ಇಳೀತಿಲ್ಲ, ಒಂದು ಬಟ್ಟಲು ತೆಳ್ಳಗೆ ಅಂಬಲಿ ಸಿಕ್ಕಿದ್ರೆ ಅಂದ್ಲು. ಈಗ ದಳವಾಯಿ ಅಂದ್ನಂತೆ, ಅವ್ವಾ, ನೀರಾದ್ರೆ ದೇವರು ಕೊಟ್ಟಿದ್ದು, ರಾಗಿ ಎಲ್ಲಿಂದ ತರ್ತೀಯಾ, ನಮ್ಮ ರಾಗಿ ತಡೆದಿರೋರೇ ಅವರಲ್ಲವಾ ಅಂತ. ಅವನು ಹೇಳಿದ್ದೂ ನಿಜವೇ. ಕೆಂಚವ್ವ ಅವನ ಜೊತೆ ವಾದ ಮಾಡಲಿಲ್ಲ. ಆ ದಿನದ ತನ್ನ ಪಾಲಿನ ಹಿಟ್ಟಲ್ಲೇ ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ, ಉಪ್ಪು ನೋಡಿ ಕಳಿಸಿ, ತಾನು ನೀರು ಕುಡಿದು ಸೆರಗು ಬಿಗಿದುಕೊಂಡ್ಲಂತೆ.

ಮೂರನೇ ಸಲ ದಾಸಿ ಬರಲಿಲ್ಲ.

ನೆತ್ತಿ ಸುಡೋ ಬಿಸಿಲು. ಗೋಡೆ ಮೇಲಿದ್ದೋನೊಬ್ಬ ಯಾರೋ ಬರ್ತಿದಾರೆ ಅಂದ. ಎಲ್ಲರೂ ಬಗ್ಗಿ ನೋಡಿದ್ರು. ಬೊಮ್ಮರಸನಾಯಕ. ಕುದುರೆ ಇಲ್ಲ, ಕತ್ತಿ ಇಲ್ಲ, ತಲೆ ಮೇಲೆ ರುಮಾಲೂ ಇಲ್ಲ. ತಾಯಿನ ಬೆನ್ನ ಮೇಲೆ ಹೊತ್ಕೊಂಡು, ಸೀರೇಲಿ ತನ್ನ ಮೈಗೆ ಕಟ್ಟಿಕೊಂಡು, ಒಂದೊಂದೇ ಕಲ್ಲು ಹಿಡಿದು ಬೆಟ್ಟ ಹತ್ತಿ ಬರ್ತಿದ್ದಾನಂತೆ. ಕಾದ ಡೇರೇಲಿ ಮುದುಕಿ ಜೀವ ನಿಲ್ಲೋದಿಲ್ಲ, ತಣ್ಣಗಿರೋ ಕಲ್ಲಿನ ಮನೆ ಬೇಕು ಅಂತ ವೈದ್ಯ ಹೇಳಿದ್ದ, ಆ ಸೀಮೇಲಿ ಕಲ್ಲಿನ ಮನೆ ಇರೋದು ಕೋಟೆ ಒಳಗೇ. ಕೆಳಗೆ ಅವನ ದಂಡು ನೋಡ್ತಿತ್ತು, ಮೇಲೆ ಇವರ ದಂಡು. ದಳವಾಯಿ ಹೊನ್ನಪ್ಪ ಬಿಲ್ಲಿಗೆ ಬಾಣ ಏರಿಸಿದ. ಒಂದೇ ಬಾಣ ಪುಟ್ಟಾ. ಯುದ್ಧನೂ ಮುಗೀತಿತ್ತು, ತಮ್ಮನ ಸೇಡೂ ತೀರ್ತಿತ್ತು.

ಕೆಂಚವ್ವ ಅವನ ಕಡೆ ಒಂದ್ಸಲ ನೋಡಿದ್ಲು. ಬಾಣ ಬಿಡಬೇಡ ಅಂತ ಅಪ್ಪಣೆ ಮಾಡಲಿಲ್ಲ. ಮೆಟ್ಟಿಲಿಳಿದು ಹೋಗಿ ಅಗುಳಿ ಸರಿಸಿ, ಆ ದೊಡ್ಡ ಬಾಗಿಲನ್ನ ತೆಗೆದು ಹೊರಗೆ ನಿಂತ್ಕೊಂಡ್ಲು. ಹೊನ್ನಪ್ಪ ಬಿಲ್ಲು ಇಳಿಸಿದ.

ಬೊಮ್ಮರಸನಾಯಕ ಆಕೆ ಮುಂದೆ ಬಂದು ನಿಂತ. ಬಾಯಿ ತೆರೆದ, ಮಾತು ಹೊರಡಲಿಲ್ಲವಂತೆ. ಹೆಂಗೆ ಹೊರಡುತ್ತೆ ಹೇಳು, ಯಾರ ಕೈಲಿ ಬೀಗದಕೈ ಇರಬಾರದು ಅಂತ ಬಂದಿದ್ನೋ ಅವಳನ್ನೇ ಬಾಗಿಲು ತೆಗಿ ಅಂತ ಬೇಡಬೇಕಲ್ಲ. ಮುಖ ಕೆಂಪಾಗಿ, ಕಣ್ಣು ತುಂಬಿ, ಹಂಗೇ ನಿಂತಿದ್ದ. ಕೆಂಚವ್ವ ಅವನು ಬೇಡೋ ತನಕ ಕಾಯಲಿಲ್ಲ.

‘ಅವ್ವ ದಣಿದಿದಾರೆ. ನೀವೂ ಹತ್ತಿ ಬಂದಿದೀರಿ. ಇತ್ತ ಕೊಡಿ’ ಅಂದ್ಲು.

ಹಂಗಂದು ಸೀರೆ ಗಂಟು ಬಿಚ್ಚಿ, ಮುದುಕೀನ ತನ್ನ ಬೆನ್ನಿಗೆ ಹಾಕ್ಕೊಂಡ್ಲು. ಅವನಿಗೆ ಒಂದು ತಂಬಿಗೆ ಮಜ್ಜಿಗೆ ಕೊಡಿಸಿದ್ಲು, ಮನೆ ಮಗನ ಹಾಗೆ ಕೂತು ಕುಡಿದ, ತಾಯಿನ ಅಲ್ಲೇ ಬಿಟ್ಟು ಎದ್ದು ಕೆಳಕ್ಕೆ ಹೋದ. ಗೋಡೆ ಮೇಲಿದ್ದೋರು ಯಾರೂ ಅವನ ತಂಟೆಗೆ ಹೋಗಲಿಲ್ಲ.

ಆಮೇಲೆ ದಳವಾಯಿ ಬಂದು ಹೇಳಿದ್ನಂತೆ, ದೇವರು ದಾರಿ ತೋರಿಸ್ದ, ಮುದುಕಿ ನಮ್ಮ ಕೈಲಿದಾಳೆ, ದಂಡು ವಾಪಸ್ ತಗೊಂಡು ಹೋದ್ರೆ ಮಾತ್ರ ತಾಯಿನ ಕಳಿಸ್ತೀವಿ ಅಂತ ಹೇಳಿ ಕಳಿಸೋಣ. ಕೆಂಚವ್ವ ಒದ್ದೆ ಬಟ್ಟೆ ಹಿಂಡ್ತಾ ಕೂತಿದ್ಲು. ಮನೆಗೆ ಬಂದ ಕಾಯಿಲೆಯೋರನ್ನ ಅಡ ಇಡ್ತಾರಾ ಹೊನ್ನಪ್ಪಣ್ಣ ಅಂತ ಕೇಳಿದ್ಲು. ಅವನು ತಾನೇ ಕೊಡ ತಗೊಂಡು ದೊಣೆ ಕಡೆ ನೀರಿಗೆ ಹೋದನಂತೆ.

ಕಲ್ಲಿನ ಮನೆ ತಂಪಲ್ಲಿ ಮುದುಕಿ ಎಷ್ಟೋ ದಿನ ಎಚ್ಚರ ತಪ್ಪಿ ಮಲಗಿದ್ಲು. ಹಣೆಗೆ ಬಟ್ಟೆ ಹಾಕೋದು, ಗುಟುಕು ಗುಟುಕು ಅಂಬಲಿ ಕುಡಿಸೋದು, ಹೊಲಸು ಬಳಿಯೋದು, ಎಲ್ಲ ಕೆಂಚವ್ವನೇ. ಒಂದು ದಿನ ಬೆಳಿಗ್ಗೆ ಜ್ವರ ಬಿಡ್ತು. ಕಣ್ಣು ಬಿಟ್ಟು ನೋಡಿದ್ಲು, ಯಾರೋ ಹೆಂಗಸು ಕಾಲು ಒತ್ತುತಾ ಕೂತಿದಾಳೆ. ಯಾರ ಮನೆಯೋಳವ್ವಾ ನೀನು ಅಂತ ಕೇಳಿದ್ಲು. ಕುರುಬರ ಮನೆಯೋಳು ಅಂದ್ಲು ಕೆಂಚವ್ವ. ಹೆಸರೇನು ಅಂದ್ಲು. ಕೆಂಚವ್ವ ಅಂದ್ಲು.

ಮುದುಕಿ ಗೋಡೆ ಕಡೆ ತಿರುಗಿ ಮಲಗಿಬಿಟ್ಲಂತೆ. ಆ ಕಡೆ ತಿರುಗಿದ್ದ ಹಾಗೇ, ನಾನು ಯಾರು ಅಂತ ನಿಂಗೆ ಗೊತ್ತಿತ್ತಾ ಅಂತ ಕೇಳಿದ್ಲು.

‘ಕೊಡ ಬಂದ ದಿನವೇ ಗೊತ್ತಿತ್ತು. ನೀರಡಿಕೆಗೆ ಗುರುತು ಕೇಳಬಾರದಲ್ಲವ್ವಾ’ ಅಂದ್ಲು ಕೆಂಚವ್ವ. ಕಾಲು ಒತ್ತೋದು ನಿಲ್ಲಿಸಲಿಲ್ಲ.

ಆಮೇಲೆ ಮುದುಕಿಗೆ ನಡೆಯೋ ಶಕ್ತಿ ಬಂತು. ಕಳಿಸಿಕೊಡೋ ದಿನ ಬೊಮ್ಮರಸನಾಯಕ ಇಡೀ ದಂಡನ್ನ ಬೆಟ್ಟದ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ತಾಯಿಗೆ ಅಂತ ಚಿನ್ನದ ಪಲ್ಲಕ್ಕಿ ತರಿಸಿದ್ದ. ಕೆಂಚವ್ವ ಮುದುಕಿ ಕೈ ಹಿಡ್ಕೊಂಡು ಮೆಲ್ಲಗೆ ಇಳಿಸಿಕೊಂಡು ಬಂದ್ಲು. ಬೋಯಿಗಳು ಪಲ್ಲಕ್ಕಿ ಇಳಿಸಿದ್ರು. ತಿಮ್ಮಾಜಮ್ಮ ಪಲ್ಲಕ್ಕಿ ನೋಡಿದ್ಲು, ಕೆಂಚವ್ವನ ಮುಖ ನೋಡಿದ್ಲು, ನೀನು ಹತ್ತು ಮಗಳೇ ಅಂದ್ಲು. ಬೇಡ ಅವ್ವಾ, ನಂಗೆ ಕಾಲು ಗಟ್ಟಿ ಐತೆ ಅಂದ್ಲು ಕೆಂಚವ್ವ. ಹಂಗಾದ್ರೆ ನಾನೂ ನಡೀತೀನಿ ಅಂದ್ಲು ಮುದುಕಿ.

ಬೊಮ್ಮರಸನಾಯಕನ ಸೀಮೇಲಿ ಒಂದು ಕಟ್ಟಳೆ ಇತ್ತಂತೆ, ದೊರೆಸಾನಿ ನೆಲದ ಮೇಲೆ ನಡೆಯುವಾಗ ಯಾರೂ ಕುದುರೆ ಮೇಲೆ ಕೂತಿರಬಾರದು ಅಂತ. ಇಬ್ಬರೂ ಕೈ ಕೈ ಹಿಡ್ಕೊಂಡು ದಂಡಿನ ನಡುವೆ ಹೆಜ್ಜೆ ಇಟ್ರು. ಮೊದಲನೇ ಸಾಲಿನೋರು ಕುದುರೆ ಇಳಿದ್ರು. ಆಮೇಲೆ ಎರಡನೇ ಸಾಲು. ಆಮೇಲೆ ಅದರಾಚೆ, ಅದರಾಚೆ, ಕಣ್ಣು ಹಾಯೋವರೆಗೂ ಗಾಳಿಗೆ ಪೈರು ಬಾಗಿದ ಹಾಗೆ ದಂಡೆಲ್ಲ ಇಳೀತಾ ಹೋಯ್ತಂತೆ. ಯಾರೂ ಜೈಕಾರ ಹಾಕಲಿಲ್ಲ, ಕೊಂಬು ಊದಲಿಲ್ಲ, ಕಡಿವಾಣದ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಕೊನೇಲಿ ಬೊಮ್ಮರಸನಾಯಕನೂ ಇಳಿದ. ಮುದುಕಿ ಅವನ ಮುಂದೆ ನಿಂತು ಹೇಳಿದ್ಲಂತೆ:

‘ದೊರೆತನ ನಾನು ಹೆತ್ತು ಕೊಟ್ಟೆ ಮಗನೇ, ಅದು ನಿಂಗೆ ಬಿಟ್ಟಿಯಾಗಿ ಬಂತು. ದೊಡ್ಡತನ ಹೆತ್ತು ಕೊಡೋಕೆ ನನ್ನ ಕೈಲಾಗಲಿಲ್ಲ. ನನ್ನ ಹತ್ರಾನೇ ಇರಲಿಲ್ಲ. ಇಲ್ಲಿ ನಿಂತೈತೆ ನೋಡು.’

ಬೊಮ್ಮರಸನಾಯಕ ಕೆಂಚವ್ವನ ಮುಂದೆ ತಲೆ ಬಾಗಿಸಿ ನಿಂತ. ಆಮೇಲೆ ಕೆಂಚವ್ವನ ಹಿಂದೆಯೇ ಇಳಿದು ಬಂದಿದ್ದ ದಳವಾಯಿ ಹೊನ್ನಪ್ಪನ ಮುಂದೆ ಹೋಗಿ, ಅವನ ಎರಡೂ ಕೈ ಹಿಡ್ಕೊಂಡು, ನಿನ್ನ ತಮ್ಮನ್ನ ತಂದುಕೊಡೋಕೆ ನನ್ನ ಕೈಲಾಗಲ್ಲ ಅಂತ ಅತ್ತನಂತೆ. ಹೊನ್ನಪ್ಪ ಕೈ ಕಿತ್ತುಕೊಳ್ಳಲಿಲ್ಲ.

ದಂಡು ಅವತ್ತೇ ಹಿಂದಕ್ಕೆ ಹೋಯ್ತು, ತಂದಿದ್ದ ರಾಗಿ ಚೀಲ ಎಲ್ಲ ಬೆಟ್ಟದ ಮೇಲಕ್ಕೆ ಹೋಯ್ತು. ಎರಡು ಸೀಮೆಯೋರು ಹೆಣ್ಣು ಕೊಟ್ಟು ತಂದು ನೆಂಟರಾದ್ರು. ತಿಮ್ಮಾಜಮ್ಮ ಇನ್ನೂ ಬಹಳ ಕಾಲ ಬದುಕಿದ್ಲು, ಬೊಮ್ಮರಸನಾಯಕನಿಗೆ ಹೆಣ್ಣು ಮಗು ಹುಟ್ಟಿದಾಗ ಏಳು ತಲೆ ದೊರೆಸಾನಿಯರ ಹೆಸರೆಲ್ಲ ಬಿಟ್ಟು ಕೆಂಚವ್ವ ಅಂತ ಹೆಸರಿಟ್ಲಂತೆ.

ಅವರು ಅಲ್ಲಿ ತಣ್ಣಗಿದ್ರು, ನಾವು ಇಲ್ಲಿ ಬೆಚ್ಚಗಿದೀವಿ, ಕತೆ ಮುಗೀತು ಪುಟ್ಟಾ. ಹೂಂ ಅನ್ನು. ಪುಟ್ಟಾ? ಮಲಗಿಬಿಡ್ತು ಕೂಸು.