ಇದ್ದಾಳವ್ವನ ಬಂಡೆ ಮತ್ತು ಅಳಿಸಿಹೋದ ಬಿಲ್ಲೆಗಳು

ದೇವತೆಗಳ ಹೆಜ್ಜೆಯ ಸಪ್ಪಳ ಭೂಮಿಯ ಮೇಲೆ ಇನ್ನೂ ಕೇಳಿಬರುತ್ತಿದ್ದ, ಆದರೆ ಅದಕ್ಕೆ ಕಿವಿಗೊಡುವುದನ್ನು ಮನುಷ್ಯರು ಆಗಲೇ ಬಿಟ್ಟುಬಿಟ್ಟಿದ್ದ ಕಾಲವೊಂದರಲ್ಲಿ, ಕರೇಹಳ್ಳದ ಬಲದಂಡೆಯ ಕಡ್ಲಿಗನೂರೆಂಬ ಗ್ರಾಮದಲ್ಲಿ, ಎತ್ತುಗಳ ಬೆನ್ನಿಗೆ ಉಪ್ಪಿನ ಹೇರು ಹೇರಿ ನಾಡಿಂದ ನಾಡಿಗೆ ಸಾಗಿಸುತ್ತಿದ್ದ ಸಂಕಣ್ಣನೆಂಬವನೊಬ್ಬನಿದ್ದನು. ಅವನ ಧರ್ಮಪತ್ನಿಯೇ ಮಾಳವ್ವ. ಈ ಕ್ಷೇತ್ರಕ್ಕೆ ಕಾರಣಳಾದ ಮಹಾತಾಯಿ ಇವಳು. ಹಾಗೆಂದು ಇವಳು ಹುಟ್ಟುವಾಗ ಆಕಾಶದಿಂದ ಪುಷ್ಪವೃಷ್ಟಿಯಾಗಲಿಲ್ಲ, ಯಾವ ಋಷಿಯೂ ಬಂದು ಭವಿಷ್ಯ ನುಡಿಯಲಿಲ್ಲ. ವರ್ಷದಲ್ಲಿ ಗಂಡ ಊರಲ್ಲಿಲ್ಲದ ಎಂಟು ತಿಂಗಳು ಹೊಲ, ಹಟ್ಟಿ, ಕಣ ಮೂರನ್ನೂ ಒಬ್ಬಳೇ ನಡೆಸಿದ ಹೆಂಗಸು, ಅಷ್ಟೆ. ಅಂಥವರ ಹೆಸರು ಪುರಾಣಗಳಲ್ಲಿ ಸಿಕ್ಕುವುದು ಅಪರೂಪ.

ಆ ಸೀಮೆಯಲ್ಲಿ ಒಡವೆಯೆಂದರೆ ಬರೀ ಅಲಂಕಾರವಾಗಿರಲಿಲ್ಲ, ನೆನಪನ್ನು ಮೈಮೇಲೆ ಇಟ್ಟುಕೊಳ್ಳುವ ಸಾಧನವಾಗಿತ್ತು. ಕೂಸಿನ ಉದುರಿದ ಹೊಕ್ಕುಳಬಳ್ಳಿಯನ್ನು ಬೆಳ್ಳಿಯ ತಾಯಿತದಲ್ಲಿಟ್ಟು ಆ ಕೂಸಿನ ಉಡಿದಾರಕ್ಕೇ ಕಟ್ಟುತ್ತಿದ್ದರು. ತೀರಿಹೋದ ತಾಯಿಯ ಮೂಗುತಿಯನ್ನು ಕರಗಿಸಿ, ಒಂದು ಹನಿಯನ್ನಾದರೂ ಮಗಳ ಉಂಗುರಕ್ಕೆ ಸೇರಿಸುತ್ತಿದ್ದರು. ದೂರದ ದಾರಿ ಹಿಡಿಯುವ ಗಂಡಸರು ಮನೆದೇವರ ಅರಿಶಿನದ ಭಂಡಾರವನ್ನು ಮುಚ್ಚಳದ ಪದಕದಲ್ಲಿ ತುಂಬಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಇವೆಲ್ಲಕ್ಕಿಂತ ಕಟ್ಟುನಿಟ್ಟಿನದು ಸವತಿ ಬಿಲ್ಲೆ. ಮೊದಲ ಹೆಂಡತಿ ಸತ್ತು ಗಂಡಸು ಮತ್ತೊಬ್ಬಳನ್ನು ತಂದರೆ, ಬಂದವಳು ತನ್ನ ತಾಳಿಯ ಪಕ್ಕದಲ್ಲೇ ಬೆಳ್ಳಿಯ ಈ ಬಿಲ್ಲೆಯನ್ನು ಧರಿಸಬೇಕು. ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲೆ ಹೆಣ್ಣಿನ ಆಕೃತಿ, ಒಳಗೆ ಸತ್ತವಳ ಒಂದು ಎಳೆ ಕೂದಲು. ಊಟಕ್ಕೆ ಕುಳಿತಾಗ ಮೊದಲ ತುತ್ತನ್ನು ಬಿಲ್ಲೆಗೆ ಮುಟ್ಟಿಸಿ, "ಅಕ್ಕಾ, ಉಣ್ಣು" ಎಂದ ಮೇಲೆಯೇ ತಾನು ಉಣ್ಣಬೇಕು. ಇಲ್ಲವಾದರೆ ಹಿರಿಯಳು ಬಂದು ಹೊಸಬಳ ಬಸಿರನ್ನು ಇಳಿಸುತ್ತಾಳೆಂಬ ನಂಬಿಕೆ. ಆ ಕೂದಲು ಹೆಣದ ತಲೆಯಿಂದ ಕತ್ತರಿಸಿದ್ದೇ ಆಗಿರಬೇಕು. ಬದುಕಿರುವವಳ ಕೂದಲನ್ನು ಬಿಲ್ಲೆಯಲ್ಲಿಡುವುದು ಕೊಲೆಗೆ ಸಮವೆಂದು ಬೆಳ್ಳಿಬಂಗಾರದ ಕೆಲಸದ ಪತ್ತಾರರ ಕುಲದಲ್ಲೇ ವಿಧಿಯಿತ್ತು.

ಮಾಳವ್ವನ ಮದುವೆಯಾದ ಹನ್ನೊಂದನೆಯ ವರ್ಷ ಊರಿಗೆ ಸಿಡುಬು ಬಂದಿತು. ಮೈಯೆಲ್ಲ ಗುಳ್ಳೆ ಎದ್ದವರನ್ನು ಊರಾಚೆಯ ಗುಡ್ಡದ ಗವಿಯಲ್ಲಿ, ಒಂದು ಕೊಡ ನೀರು, ಒಂದು ಗಡಿಗೆ ಅಂಬಲಿಯೊಂದಿಗೆ ಬಿಟ್ಟುಬರುವುದು ಆಗಿನ ಪದ್ಧತಿ. ಒಂಬತ್ತನೆಯ ದಿನ ಮನೆಯ ಯಜಮಾನ ಒಬ್ಬನೇ ಹೋಗಿ ನೋಡಬೇಕು. ಜೀವವಿದ್ದರೆ ಕರೆತರಬೇಕು, ಇಲ್ಲದಿದ್ದರೆ ಕೂದಲು ಕತ್ತರಿಸಿಕೊಂಡು, ಅಲ್ಲಿಯೇ ಮಣ್ಣು ಕೊಟ್ಟು ಬರಬೇಕು. ಮಾಳವ್ವನಿಗೂ ಗುಳ್ಳೆ ಎದ್ದು, ಅವಳನ್ನೂ ಗವಿಯಲ್ಲಿ ಬಿಟ್ಟುಬಂದರು. ಸಂಕಣ್ಣ ಒಂಬತ್ತನೆಯ ದಿನ ಗುಡ್ಡದ ಬುಡದವರೆಗೆ ಹೋದನು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಗವಿಯ ಆಚೆ ಕಾಲು ಜಾರಿ ಬಿದ್ದು ಸತ್ತ ಆಡೊಂದಿತ್ತು, ಅವು ಅದಕ್ಕಾಗಿ ಸುತ್ತುತ್ತಿದ್ದವು. ಸಂಕಣ್ಣ ಹತ್ತಿ ನೋಡಲಿಲ್ಲ. ಹತ್ತಿದ್ದರೆ ಮುನ್ನೂರು ಹೆಜ್ಜೆ. ಕರೇಹಳ್ಳದಲ್ಲಿ ಮುಳುಗೆದ್ದು, ಒದ್ದೆಬಟ್ಟೆಯಲ್ಲಿ ಊರಿಗೆ ಬಂದು, "ಕಂಡೆ. ಮಣ್ಣು ಕೊಟ್ಟೆ" ಎಂದನು.

ಕಥೆ ಹೇಳುವವರು ಕೆಲವರು ಈ ಸಂಕಣ್ಣನನ್ನು ಪಾಪದವನು, ದುಃಖದಲ್ಲಿ ದಿಕ್ಕು ತಪ್ಪಿದವನು ಎಂದು ಹೇಳುವುದುಂಟು. ಇಲ್ಲಿ ಹಾಗೆ ಬರೆಯಲಾಗುವುದಿಲ್ಲ. ಅವನು ಹೆದರಿದನು, ಹೆದರಿದ್ದನ್ನು ಮುಚ್ಚಲು ಸುಳ್ಳು ಹೇಳಿದನು. ನಾಲ್ಕನೆಯ ತಿಂಗಳಿಗೆ ಹೂವಕ್ಕನೆಂಬ ಹುಡುಗಿಯೊಡನೆ ಎರಡನೆಯ ಮದುವೆಗೆ ನಿಂತನು.

ಬಿಲ್ಲೆ ಮಾಡಬೇಕಾದವನು ಊರ ಪತ್ತಾರ ಮಾನಪ್ಪ. ಅವನು ಕೂದಲು ಕೇಳಿದಾಗ ಸಂಕಣ್ಣ ರುಮಾಲಿನ ತುದಿ ಬಿಚ್ಚಿ ಒಂದು ಸಣ್ಣ ಉಂಡೆಯನ್ನು ಕೊಟ್ಟನು. ಹೆಂಗಸರು ತಲೆ ಬಾಚಿದ ಮೇಲೆ ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ತುರುಕುತ್ತಾರಲ್ಲ, ಅಂಥದು.

ಮಾನಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದನು. "ಇದು ಕತ್ರಿ ಕಂಡದ್ದಲ್ಲೋ ಸಂಕಣ್ಣ. ಬೇರುಸಮೇತ ಬಂದೈತಿ. ಬಾಚಣಿಗಿ ಕೂದಲ ಇದು."

"ಸಿಡುಬಿನ ಹೆಣದ ಕೂದಲ ಊರೊಳಗ ತರಬೇಕಿತ್ತೇನು? ನಿನ್ನ ಮನ್ಯಾಗ ಮೂರು ಕೂಸು ಅದಾವ. ತಂದು ನಿನ್ನ ಕೈಯಾಗ ಇಡ್ತಿದ್ದೆ, ಆಗ ನನ್ನ ಹೊಗಳ್ತಿದ್ದಿ."

ಮಾನಪ್ಪ ಉಂಡೆಯನ್ನು ಒಳಗಿಟ್ಟು, ಮುಚ್ಚಳ ಒತ್ತಿ, ಅಂಚನ್ನು ಬೆಸೆದುಬಿಟ್ಟನು.

ಇತ್ತ ಮಾಳವ್ವ ಸತ್ತಿರಲಿಲ್ಲ. ಗುಡ್ಡದ ಮೇಲೆ ಆಡು ಕಾಯುತ್ತಿದ್ದ ಬಾಳಕ್ಕನೆಂಬ ಮುದುಕಿ ತಪ್ಪಿಹೋದ ಆಡನ್ನು ಅರಸುತ್ತ ಗವಿಯ ಬಾಯಿಗೆ ಬಂದು, ನರಳುವ ಸದ್ದು ಕೇಳಿ, ಒಳಹೊಕ್ಕು, ಬೇವಿನ ಸೊಪ್ಪು ಹಾಸಿ, ಹಾಲನ್ನು ಬಟ್ಟೆಯ ತುದಿಯಿಂದ ಅವಳ ಬಾಯಿಗೆ ಹಿಂಡಿ ಬದುಕಿಸಿದಳು. ಬಾಳಕ್ಕನಿಗೆ ಎಂದೋ ಸಿಡುಬು ಬಂದು ಹೋಗಿತ್ತು, ಅವಳಿಗೆ ಹೆದರಿಕೆಯಿರಲಿಲ್ಲ. ಮಾಳವ್ವ ಎದ್ದು ಗುಡ್ಡ ಇಳಿಯುವಂತಾಗಲು ಆರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬಾಳಕ್ಕನೂ ಅವಳನ್ನು ಬಿಟ್ಟು ಊರಿಗೆ ಇಳಿಯಲಿಲ್ಲ. ಮುಖವೆಲ್ಲ ಕುಳಿ ಬಿದ್ದಿತ್ತು. ಒಂದು ಬೆಳಿಗ್ಗೆ ಅವಳು ತನ್ನ ಮನೆಯ ಹೊಸ್ತಿಲ ಮುಂದೆ ನಿಂತಾಗ, ಒಳಗೆ ಹೂವಕ್ಕ ತುತ್ತನ್ನು ಬಿಲ್ಲೆಗೆ ಮುಟ್ಟಿಸಿ "ಅಕ್ಕಾ, ಉಣ್ಣು" ಎನ್ನುತ್ತಿದ್ದಳು.

"ಉಣ್ತೀನವ್ವ, ತಾಟು ಇಡು," ಎಂದಳು ಮಾಳವ್ವ ಹೊರಗಿನಿಂದ.

ಹೂವಕ್ಕನ ಕೈಯ ತುತ್ತು ಕೆಳಗೆ ಬಿತ್ತು. "ದಿನಾ ತಪ್ಪದ ಎಡಿ ಹಿಡೀತೀನಲ್ಲ ಅಕ್ಕಾ! ಯಾಕ ಬಂದಿ?"

"ನೀ ಹಿಡಿದದ್ದು ಒಂದೂ ನನಗ ಮುಟ್ಟಿಲ್ಲವ್ವ. ಆರು ತಿಂಗಳಾತು ರೊಟ್ಟಿ ಕಂಡು."

ಸಂಕಣ್ಣ ಹಿತ್ತಲಿನಿಂದ ಬಂದನು. ಹೆಂಡತಿಯನ್ನು ನೋಡಿದನು. ಗುರುತು ಹಿಡಿದನು. ಈ ಮಾತನ್ನು ಭಕ್ತರು ಗಮನಿಸಬೇಕು, ಅವನು ಗುರುತು ಹಿಡಿದನು. ಇವಳು ಬದುಕಿದ್ದರೆ ತಾನು ಒಂಬತ್ತನೆಯ ದಿನ ಗವಿಗೆ ಹೋಗದವನೆಂದು ಜಗತ್ತಿಗೆ ಗೊತ್ತಾಗುತ್ತದೆ, ಉಪ್ಪು ಹೇರುವ ನಲವತ್ತು ಜನರ ಮೇಲೆ ತನಗಿರುವ ಮುಂದಾಳುತನ ಹೋಗುತ್ತದೆ. ಅದೆಲ್ಲವನ್ನೂ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿ, "ದೆವ್ವ! ಹೊಸ್ತಿಲು ದಾಟಿಸಬ್ಯಾಡ್ರಿ!" ಎಂದು ಕೂಗಿದನು.

ಪಂಚರು ಬೇವಿನ ಕಟ್ಟೆಗೆ ಸೇರಿದರು. ಮಾಳವ್ವ ಮನೆ ಕೇಳಲಿಲ್ಲ, ಹೊಲ ಕೇಳಲಿಲ್ಲ, ಗಂಡನನ್ನಂತೂ ಕೇಳಲೇ ಇಲ್ಲ. "ನಾ ಇದ್ದೀನಿ ಅಂತ ಒಂದು ಮಾತು ನಿಮ್ಮ ಬಾಯಿಲೇ ಬರಲಿ. ಮಾಳವ್ವ ಇದ್ದಾಳ ಅನ್ರಿ. ಆ ಬಿಲ್ಲೆ ಬಿಚ್ಚಿಸಿ ಕರಗಸ್ರಿ. ಆಮ್ಯಾಲೆ ನನ್ನ ದಾರಿ ನಾ ನೋಡ್ಕೋತೀನಿ" ಎಂದಳು.

ಬಾಳಕ್ಕ ಮುಂದೆ ಬಂದು, ಆರು ತಿಂಗಳು ತಾನೇ ಹಾಲು ಕುಡಿಸಿದ್ದಾಗಿ ಹೇಳಿದಳು. ಹಿರಿಯನೊಬ್ಬ ನಕ್ಕನು. "ದೆವ್ವಕ್ಕೂ ಹಾಲಂದ್ರ ಆಸಿನ ಇರ್ತೈತಿ ಮುದುಕಿ."

"ನಿನಗೂ ನನ್ನ ಆಡಿನ ಹಾಲು ಕುಡಿಸೀನಲ್ಲೋ ಸಣ್ಣಾಂವಿದ್ದಾಗ," ಎಂದಳು ಬಾಳಕ್ಕ. "ನೀ ಏನಾದಿ ಹಂಗಾರ?"

ಕಟ್ಟೆಯ ಸುತ್ತ ನಗು ಎದ್ದಿತು. ನಕ್ಕವರಲ್ಲಿ ಒಬ್ಬರೂ ಅವಳ ಮಾತನ್ನು ಸಾಕ್ಷಿಯೆಂದು ಎತ್ತಿಕೊಳ್ಳಲಿಲ್ಲ.

ಆಗ ಮಾಳವ್ವ ಪತ್ತಾರನ ಕಡೆ ತಿರುಗಿದಳು. "ಮಾನಪ್ಪಣ್ಣ, ಆ ಬಿಲ್ಲೆ ಮ್ಯಾಲಿನ ಮುಖ ನನ್ನದೇನು?"

"ಎಲ್ಲಾರಿಗೂ ಒಂದ ಅಚ್ಚವ್ವ," ಎಂದನು ಮಾನಪ್ಪ ತಲೆ ತಗ್ಗಿಸಿ. "ನಮ್ಮಪ್ಪನ ಕಾಲದ್ದು. ಎರಡು ಕಣ್ಣು, ಒಂದು ಮೂಗು. ಯಾರು ಸತ್ರೂ ಅದ."

"ಮುಖ ಹೋಗ್ಲಿ, ಒಳಗಿನ ಕೂದಲ ನೋಡು. ಕತ್ತರಿಸಿದ್ದೋ, ಬಾಚಿದ್ದೋ? ನೀ ಒಬ್ಬನ ಹೇಳಬಲ್ಲಿ."

ಮಾನಪ್ಪನಿಗೆ ತೆರೆದು ನೋಡುವ ಅಗತ್ಯವಿರಲಿಲ್ಲ. ಆದರೆ ಬಾಚಿದ್ದೆಂದರೆ ಬದುಕಿದವಳ ಕೂದಲು ಮುಚ್ಚಿದ ಪಾಪ ತನ್ನ ಕೈಗೆ ಅಂಟುತ್ತದೆ, ಕುಲದವರು ಅವನ ಕುಲುಮೆ ಆರಿಸುತ್ತಾರೆ. "ಬೆಸೆದ ಬಿಲ್ಲೆ ತೆರೆಯೋ ಪದ್ಧತಿ ಇಲ್ಲ" ಎಂದನು. ಪಂಚರಿಗೆ ಬೇಕಾದದ್ದೂ ಅದೇ. ಬಿಲ್ಲೆ ಕೊರಳಿಗೇರಿದ ಮೇಲೆ ಆ ಹೆಸರಿನ ಹೆಂಗಸು ಇಲ್ಲವೆಂದು ಅವರು ತೀರ್ಪು ಕೊಟ್ಟರು.

ಮಾಳವ್ವ ಅಳಲಿಲ್ಲ. ಊರಿಗೆಲ್ಲ ಕಾಣುವಂತೆ ಗುಡ್ಡದ ನೆತ್ತಿಯ ಬಂಡೆಯ ಮೇಲೆ ಹೋಗಿ ಕುಳಿತಳು. ಆ ಬಿಲ್ಲೆ ಕೊರಳಿಂದ ಇಳಿಯುವವರೆಗೆ ನೀರೂ ಮುಟ್ಟುವುದಿಲ್ಲವೆಂದಳು. ಬಾಳಕ್ಕನ ಹಾಲನ್ನೂ ಹಿಂದಕ್ಕೆ ಕಳಿಸಿದಳು. ಕಡುಬೇಸಗೆ. ಸತ್ತವಳಿಗೆ ಹಸಿವೆಲ್ಲಿಯದೆಂದು ಊರು ತನ್ನ ಕೆಲಸಕ್ಕೆ ಹೋಯಿತು.

ಮೂರನೆಯ ದಿನ ಹೂವಕ್ಕ ಒಬ್ಬಳೇ ರೊಟ್ಟಿ ಕಟ್ಟಿಕೊಂಡು ಹತ್ತಿ ಬಂದಳು. ಅವಳು ಆಗ ಎರಡು ತಿಂಗಳ ಬಸುರಿ.

"ರೊಟ್ಟಿ ನಿನ್ನ ಕೊರಳಾಗಿನಾಕಿಗೆ ಹಾಕು," ಎಂದಳು ಮಾಳವ್ವ. "ನನಗ ಅದನ್ನ ಬಿಚ್ಚಿ ಕೊಡು."

ಹೂವಕ್ಕ ದಾರಕ್ಕೆ ಕೈ ಹಾಕಿದಳು. "ಹೊಟ್ಟ್ಯಾಗಿಂದಕ್ಕ ಏನರ ಆದ್ರ ಅಕ್ಕಾ?"

"ಮಾಡಾಕಿ ನಾನ ಅಲ್ಲೇನು? ಇಲ್ಲೇ ನಿನ್ನ ಮುಂದ ಕುಂತೀನಿ. ಕೈಲೆ ಮುಟ್ಟಿ ನೋಡು."

ಹೂವಕ್ಕ ಮುಟ್ಟಿ ನೋಡಿದಳು. ಮೈ ಬೆಚ್ಚಗಿತ್ತು. ಎದುರಿಗಿರುವವಳು ದೆವ್ವವಲ್ಲ, ಹೆಂಗಸೆಂದು ಅವಳಿಗೆ ಖಚಿತವಾಯಿತು. ಆದರೂ ದಾರದ ಮೇಲಿನ ಕೈ ನಿಧಾನವಾಗಿ ಕೆಳಗಿಳಿದು ಹೊಟ್ಟೆಯ ಮೇಲೆ ಬಂದು ನಿಂತಿತು. ರೊಟ್ಟಿಯ ಗಂಟನ್ನು ಬಂಡೆಯ ಮೇಲಿಟ್ಟು, ಹಿಂದೆ ನೋಡದೆ ಇಳಿದುಹೋದಳು. ಆ ರೊಟ್ಟಿ ಕಾಗೆಗಳ ಪಾಲಾಯಿತು.

ಏಳನೆಯ ದಿನದ ನಡುಮಧ್ಯಾಹ್ನ, ಸೂರ್ಯಮಂಡಲವು ನೆತ್ತಿಯ ಮೇಲೆ ನಿಂತು ಚರಾಚರಗಳ ನೆರಳೆಲ್ಲ ಅವುಗಳ ಪಾದದಡಿಯಲ್ಲಿ ಅಡಗಿದ್ದಾಗ, ಗುಡ್ಡದ ಅಧಿದೇವತೆಯಾದ ಜಗನ್ಮಾತೆಯು ಬಂಡೆಯೊಳಗಿನಿಂದ ಹೀಗೆ ನುಡಿದಳು:

"ವತ್ಸೇ, ನಿನ್ನ ತಪಸ್ಸಿಗೆ ಮೆಚ್ಚಿದೆನು. ನಿನ್ನ ಗೃಹವನ್ನು ಕೇಳು, ಕೊಡುವೆನು. ನಿನ್ನ ಮುಖದ ಕಾಂತಿಯನ್ನು ಕೇಳು, ಮರಳಿಸುವೆನು. ಪತಿಯನ್ನು ನಿನ್ನ ಪಾದಕ್ಕೆ ಕೆಡವೆನ್ನುವೆಯಾದರೆ ಈಗಲೇ ಕೆಡಹುವೆನು."

"ಅದ್ಯಾವುದೂ ಬ್ಯಾಡ ತಾಯಿ," ಎಂದಳು ಮಾಳವ್ವ. ಅವಳ ನಾಲಿಗೆ ಒಣಗಿ ದಪ್ಪವಾಗಿತ್ತು. "ಮಾಳವ್ವ ಇದ್ದಾಳ ಅಂತ ಅನ್ನಿಸು. ಒಬ್ಬರ ಬಾಯಿಲೇ ಅನ್ನಿಸಿದರ ಸಾಕು."

ಅದಕ್ಕೆ ಜಗನ್ಮಾತೆಯು ನುಡಿದಳು: "ಮಗಳೇ, ಕಲ್ಲನ್ನು ಕರಗಿಸಬಲ್ಲೆನು, ಲೋಹದ ಮೇಲಿನ ಗುರುತನ್ನು ಅಳಿಸಬಲ್ಲೆನು. ಕಂಡದ್ದನ್ನು ಕಂಡೆನೆಂದು ಮನುಷ್ಯರ ಬಾಯಿಂದ ಹೇಳಿಸುವುದು ನನ್ನ ಶಕ್ತಿಗೂ ಮೀರಿದ್ದು. ನನ್ನಿಂದಾದದ್ದನ್ನು ಮಾಡುವೆನು. ನೀನು ಇರುವ ಹಾಗೆಯೇ ನಿನ್ನನ್ನು ನನ್ನಲ್ಲಿ ಇರಿಸಿಕೊಳ್ಳುವೆನು, ಬಾ."

ಮಾಳವ್ವ ಬಂಡೆಗೆ ಮುಖವಿಟ್ಟಳು. ಬಂಡೆ ಬೆಣ್ಣೆಯಂತೆ ಮೆತ್ತಗಾಗಿ ಅವಳನ್ನು ಒಳಗೆ ತೆಗೆದುಕೊಂಡಿತು.

ಅದೇ ಗಳಿಗೆಯಲ್ಲಿ ಊರೊಳಗೆ ಹೂವಕ್ಕ ತುತ್ತನ್ನು ಮುಟ್ಟಿಸಲೆಂದು ಬಿಲ್ಲೆಯನ್ನು ಎತ್ತಿದರೆ, ಅದರ ಮೇಲಿನ ಆಕೃತಿ ಮಾಯವಾಗಿತ್ತು. ಊರಲ್ಲಿ ಬಿಲ್ಲೆ ಧರಿಸಿದ್ದ ಇನ್ನೂ ನಾಲ್ವರು ಹೆಂಗಸರು ಬೀದಿಗೆ ಓಡಿಬಂದರು. ಎಲ್ಲವೂ ನುಣುಪು. ಮಾನಪ್ಪ ತನ್ನ ಅಚ್ಚನ್ನು ತೆಗೆದು ಹೊಸ ತಗಡಿನ ಮೇಲೆ ಒತ್ತಿದನು, ಏನೂ ಮೂಡಲಿಲ್ಲ. ಮೂರನೆಯ ಸಲ ಒತ್ತಿ, ಸುತ್ತಿಗೆ ಕೆಳಗಿಟ್ಟು, ಹೂವಕ್ಕನ ಬಿಲ್ಲೆಯನ್ನು ಇಸಿದುಕೊಂಡು ಅಂಚು ಬಿಡಿಸಿ, ಬೇರಿನ ಸಮೇತವಾದ ಕೂದಲಿನ ಉಂಡೆಯನ್ನು ಎಲ್ಲರೆದುರು ಅಂಗೈಯಲ್ಲಿ ಹಿಡಿದನು. "ಬಾಚಣಿಗಿದು. ನನಗ ಅವತ್ತ ಗೊತ್ತಿತ್ತು" ಎಂದನು.

ಆಗ ಊರು ಓಡಿತು. ಪಂಚರು ಓಡಿದರು, ಸಂಕಣ್ಣ ಎಲ್ಲರಿಗಿಂತ ಮುಂದೆ ಓಡಿದನು. ಅಂದು ಹತ್ತಲಾರದ ಮುನ್ನೂರು ಹೆಜ್ಜೆಯನ್ನು ಅವನು ಉಸಿರು ಬಿಡದೆ ಹತ್ತಿದನು. ಮೇಲೆ ಬಂಡೆಯ ಹತ್ತಿರ ಬಾಳಕ್ಕ ಒಬ್ಬಳೇ ನಿಂತಿದ್ದಳು. ಬಂಡೆಯಲ್ಲಿ ಒಂದು ಮುಖವಿತ್ತು, ಕುಳಿಕುಳಿಯಾಗಿ.

"ಮಾಳವ್ವ ಇದ್ದಾಳ!" ಎಂದು ಕೂಗಿ ಸಂಕಣ್ಣ ಅಲ್ಲಿಯೇ ಬಿದ್ದನು.

"ಇದ್ದಳು," ಎಂದಳು ಬಾಳಕ್ಕ. "ಮಧ್ಯಾನ್ನದ ತನಕ ಇದ್ದಳು."

ಅಂದಿನಿಂದ ಆ ತಾಯಿಗೆ ಇದ್ದಾಳವ್ವನೆಂಬ ಹೆಸರಾಯಿತು. ಮುಖವಿರುವ ಬಂಡೆಯನ್ನು ಭಕ್ತರು ಇಂದಿಗೂ ಗುಡ್ಡದ ನೆತ್ತಿಯಲ್ಲಿ ದರ್ಶನ ಮಾಡಬಹುದು. ಕೆನ್ನೆಯ ಕುಳಿಗಳಲ್ಲಿ ನಿಲ್ಲುವ ಮಳೆನೀರೇ ಇಲ್ಲಿಯ ತೀರ್ಥ. ಪೂಜೆಯ ಹಕ್ಕು ಬಾಳಕ್ಕನ ವಂಶದ ಹೆಣ್ಣುಮಕ್ಕಳದು. ದೇವಿಗೆ ಬೆಳ್ಳಿಯ ಮುಖವಾಡ ಮಾಡಿಸಿಕೊಡುತ್ತೇವೆಂದು ದೊಡ್ಡ ದೊಡ್ಡವರು ಬಂದು ಕೇಳಿದ್ದುಂಟು, ಕುಳಿ ಕಾಣದಂತೆ ಅಂದವಾಗಿರುತ್ತದೆ ಎಂದರು. ಅವರನ್ನು ನೀರು ಕೊಟ್ಟು ಕಳಿಸಲಾಗಿದೆ. ಮುಂದೆಯೂ ಹಾಗೆಯೇ. ಈ ಸೀಮೆಯಲ್ಲಿ ಎರಡನೆಯ ಹೆಂಡತಿಯರು ಬಿಲ್ಲೆ ಧರಿಸುವುದಿಲ್ಲ.

ಪ್ರತಿ ವರ್ಷ ವೈಶಾಖದ ಆಗಿ ಹುಣ್ಣಿಮೆಯ ಮಧ್ಯಾಹ್ನ ಸಂಕಣ್ಣನ ಮನೆತನದ ಹಿರಿಯ ಗಂಡಸು, ಪಂಚರ ಮನೆತನಗಳ ಗಂಡಸರು, ಪತ್ತಾರರ ಮನೆಯವನು, ಎಲ್ಲರೂ ಏಳು ದಿನ ಒಂದೇ ಹೊತ್ತು ಉಂಡು, ಬರಿಗಾಲಲ್ಲಿ ಗುಡ್ಡ ಹತ್ತಿ, ಬಂಡೆಯ ಮುಂದೆ ಕೈಮುಗಿದು ನಿಲ್ಲುತ್ತಾರೆ. "ಮಾಳವ್ವ ಇದ್ದಾಳ" ಎಂದು ಮೂರು ಸಲ ಗಟ್ಟಿಯಾಗಿ ಕೂಗುತ್ತಾರೆ. ಆಮೇಲೆ ಉತ್ತರಕ್ಕಾಗಿ, ಒಂದು ತೆಂಗಿನಕಾಯಿಯ ನೀರು ನೆಲದಲ್ಲಿ ಇಂಗುವಷ್ಟು ಹೊತ್ತು ಕಾಯುತ್ತಾರೆ. ಉತ್ತರ ಬಂದದ್ದನ್ನು ಕೇಳಿದವರು ಯಾರೂ ಇಲ್ಲ. ನೀರು ಇಂಗಿದ ಮೇಲೆ ಪೂಜಾರಿಣಿ, "ಕೇಳಿದಳಂತೆ, ಇಳೀರಿ" ಎನ್ನುತ್ತಾಳೆ. ಆ ಗಂಡಸರಿಗೆ ಇಲ್ಲಿ ಪ್ರಸಾದ ಕೊಡುವ ಪದ್ಧತಿಯಿಲ್ಲ.