ಅಂಟಿನ ಒಲೆ

"ಗುರುಗಳ, ಒಂದು ಊರಾಗ ಕಲಾ ಬೆಳೀಬೇಕಂದ್ರ ನಾವು ಏನ ಕೊಡಬೇಕು?" ಎಂದು ಶಂಭುಲಿಂಗ ಕೇಳಿದ.

ಸಮಾಧಾನವಾಗಿ ಕುಳಿತು ಕೇಳಿದ್ದಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದ್ದು. ಅವನ ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ನಕ್ಷೆಯಿತ್ತು. ಗುರು ಅಡವಯ್ಯನವರು ಚಿತ್ರ ಬರೆಯುವುದನ್ನು ಕಲಿಸುವವರು. ಶಂಭುಲಿಂಗ ಅವರ ಹಳೆಯ ಶಿಷ್ಯ. ರೇಖೆ ಎಳೆಯುವುದರಲ್ಲಿ ಅವನಷ್ಟು ಧೈರ್ಯದ ಕೈಯನ್ನು ಗುರುಗಳು ಬೇರೆ ಕಂಡಿರಲಿಲ್ಲ. ಈಚೆಗೆ ಮಾತ್ರ ಅವನು ಬಂದಾಗಲೆಲ್ಲ ಯೋಜನೆ ತರುತ್ತಿದ್ದ, ಚಿತ್ರ ತರುತ್ತಿರಲಿಲ್ಲ. ಎಂದೋ ಶುರು ಮಾಡಿದ ದೊಡ್ಡ ಚಿತ್ರವೊಂದು ಅವನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ.

ಅವನು ನಕ್ಷೆಯನ್ನು ನೆಲಕ್ಕೆ ಹಾಸಿ ಒಂದೇ ಉಸಿರಿಗೆ ಹೇಳತೊಡಗಿದ. ದಾನಿಯೊಬ್ಬರು ಜಾಗ ಕೊಟ್ಟಿದ್ದಾರೆ. ಸಿನಿಮಾ ಮಾಡುವವರು, ಕಂಪ್ಯೂಟರ್ ಆಟ ಕಟ್ಟುವವರು, ಚಿತ್ರ ಬರೆಯುವವರು, ಹಾಡುವವರು ಎಲ್ಲರಿಗೂ ಒಂದೇ ಸೂರು. ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಸದ್ದು ದಾಟದ ಗೋಡೆ, ಒಳಗಿನಿಂದ ಚಿಲಕ. ಚಹಾ, ಊಟ ಬಾಗಿಲಿಗೇ ಬರುತ್ತವೆ. ಯಾರೂ ಯಾವುದಕ್ಕೂ ಹೊರಗೆ ಕಾಲಿಡಬೇಕಾಗಿಲ್ಲ, ಯಾರಿಂದ ಯಾರಿಗೂ ತೊಂದರೆಯಿಲ್ಲ. ಹೇಳುತ್ತ ಹೇಳುತ್ತ ಅವನ ಹಣೆ ಬೆವರಿತ್ತು.

ಅಡವಯ್ಯನವರಿಗೂ ಹುರುಪು ಬಂದಿತು. ಹೊಸದೆಂದರೆ ಅವರಿಗೆ ಹಸಿದವನಿಗೆ ರೊಟ್ಟಿ ಕಂಡಂತೆ. ಎರಡು ಸಲ ಭೇಷ್ ಎಂದರು. ಆಮೇಲೆ, ಆ ಚಿಲಕದ ವಿಚಾರ ಯಾರದು ಎಂದು ಕೇಳಿದರು. ತನ್ನದೇ ಎಂದು ಶಂಭುಲಿಂಗ ಎದೆಯುಬ್ಬಿಸಿದ. ಗುರುಗಳು ಭುಜ ಕುಲುಕುವಷ್ಟು ನಕ್ಕು, ಕಣ್ಣೊರೆಸಿಕೊಂಡು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಓಣಿ. ಓಣಿಯಲ್ಲಿ ತೊಗಲುಗೊಂಬೆ ಆಡಿಸುವ ಒಬ್ಬ ಹೆಂಗಸು, ಇಸ್ಪೀಟಿನಂಥ ಆಟದ ಎಲೆಗಳ ಮೇಲೆ ರಾಜ, ಆನೆ, ಮೀನು ಬರೆಯುವ ಒಬ್ಬ ಚಿತ್ರಗಾರ, ಮದ್ದಳೆ ಕಟ್ಟಿ ಆಟಕ್ಕೆ ಬಾರಿಸುವ ಒಬ್ಬ ಕಸುಬುಗಾರ. ಇನ್ನೂ ಅನೇಕರಿದ್ದರು, ಕತೆಗೆ ಇಷ್ಟು ಮಂದಿ ಸಾಕು.

ಇವರಿಗೆಲ್ಲ ಅಂಟು ಬೇಕು. ಗೊಂಬೆಯ ಬಣ್ಣ ಹಿಡಿಯಲು ಅಂಟು, ಬಟ್ಟೆಯ ಪದರು ಸೇರಿಸಿ ಎಲೆ ಮಾಡಲು ಅಂಟು, ಮದ್ದಳೆಯ ಬಿರುಕಿಗೆ ಬಟ್ಟೆ ಸುತ್ತಲು ಅಂಟು. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಬೇಕು. ಕುದಿಯುವಷ್ಟು ಹೊತ್ತೂ ತಿರುವುತ್ತಿರಬೇಕು. ಕೈ ನಿಂತರೆ ತಳ ಹಿಡಿಯುತ್ತದೆ. ಚಿಕ್ಕ ಗಡಿಗೆಯಲ್ಲಂತೂ ನೋಡನೋಡುತ್ತ ಸೀಯುತ್ತದೆ. ಆದ್ದರಿಂದ ಓಣಿಯ ಕೊನೆಯಲ್ಲಿ ಒಂದೇ ಒಲೆ, ಒಂದೇ ಕೊಪ್ಪರಿಗೆ. ದನಗಳು ಮೇಯಲು ಹೋಗುವ ಹೊತ್ತಿಗೆ ಬೆಂಕಿ ಹಚ್ಚಿದರೆ ಬಿಸಿಲು ನೆತ್ತಿಗೆ ಬರುವಾಗ ಅಂಟು ಸಿದ್ಧ. ತಿರುವುವುದು ಸರದಿಯ ಮೇಲೆ.

ಒಲೆಗೊಂದು ಕಟ್ಟಳೆಯಿತ್ತು. ಅಂಟಿಗೆ ಬರುವವರು ಬರಿಗೈಯಲ್ಲಿ ಬರಕೂಡದು. ಅಂದಿನ ಅರೆಬರೆ ಕೆಲಸವನ್ನು ಹಿಡಿದೇ ಬರಬೇಕು. ತೊಗಲಿಗೆ ತೆಳುವಾದ ಅಂಟು, ಬಟ್ಟೆಗೆ ಗಟ್ಟಿಯಾದದ್ದು. ನೋಡದೆ ಹೇಗೆ ಕೊಡುವುದು? ಅದಕ್ಕಾಗಿ ಹುಟ್ಟಿದ ಕಟ್ಟಳೆ. ಆದರೆ ಕೈಯಲ್ಲಿರುವುದನ್ನು ತಿರುವುವವನೊಬ್ಬನೇ ನೋಡಿ ಸುಮ್ಮನಾಗುತ್ತಾನೆಯೇ? ಸುತ್ತ ಕುಳಿತವರೆಲ್ಲ ನೋಡುತ್ತಿದ್ದರು. ಅಂಟು ಕುದಿಯುವ ತನಕ ಬಾಯಿಗೆ ಬೇರೆ ಕೆಲಸವೂ ಇರಲಿಲ್ಲ.

ಒಂದು ದಿನ ಗೊಂಬೆಯವಳು ಹೊಸ ರಾಕ್ಷಸನನ್ನು ತಂದಳು. ಎಲೆ ಬರೆಯುವವನು ಅದನ್ನು ಬೆಳಕಿಗೆ ಹಿಡಿದು ನೋಡಿ, "ತಂಗಿ, ನಿನ್ನ ರಾಕ್ಷಸಗ ನೆಗಡಿ ಬಂದೈತೇನು?" ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಹೋದಳು. ಅನ್ನ ಸೇರಲಿಲ್ಲ. ಮರುದಿನ ಬಂದಾಗ, ಮಂಕಾಗಿ ನಿಂತಿದ್ದ ರಾಕ್ಷಸನ ಕತ್ತು ಕತ್ತರಿಸಿ, ದಾರದಿಂದ ಮತ್ತೆ ಸೇರಿಸಿದ್ದಳು. ಈಗ ಅವನು ಗಕ್ಕನೆ ತಿರುಗಿ ನೋಡುತ್ತಿದ್ದ. ಕುಳಿತವರು ಬೆಚ್ಚಿ ಹಿಂದೆ ಸರಿದರು. ಆ ತಿರುವಿಗೆ ಸರಿಹೊಂದುವ ಪೆಟ್ಟನ್ನು ಮದ್ದಳೆಯವನು ಅಲ್ಲೇ ತೊಡೆಯ ಮೇಲೆ ಬಾರಿಸಿ ಹುಡುಕಿದ. ಎಲೆ ಬರೆಯುವವನು ಆ ಕತ್ತನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ವಾರ ಕಳೆಯುವುದರೊಳಗೆ ಅವನ ಎಲೆಗಳಲ್ಲಿನ ರಾಜರೆಲ್ಲ ಹಾಗೆಯೇ ತಿರುಗಿ ನೋಡತೊಡಗಿದ್ದರು. ನೀನು ನನ್ನದನ್ನು ಕದ್ದೆ ಎಂದು ಇವಳು ಜಗಳ ತೆಗೆದಳು. ಹೌದು ಕದ್ದೆ, ನೀನೂ ನನ್ನದನ್ನು ಕದಿ ಎಂದು ಅವನು ಎಲೆಗಳನ್ನು ಮುಂದೆ ಸುರಿದ. ಎಂಥ ಓಣಿ ಅದು! ಅಲ್ಲಿಯ ಆಟ ನೋಡಲು, ಎಲೆ ಕೊಳ್ಳಲು, ಹೊಳೆಯಾಚೆಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ವ್ಯಾಪಾರಿಯಿದ್ದ. ಆಟ ನೋಡಿ ಅತ್ತ. ನಿಜವಾದ ರಸಿಕ, ಕೆಟ್ಟವನಲ್ಲ. ಈ ಜನಕ್ಕೆ ಏನಾದರೂ ಮಾಡಲೇಬೇಕು ಎಂದು ಅಲ್ಲೇ ನಿಂತು, ನಿಮಗೇನು ಕಷ್ಟ ಎಂದು ಒಬ್ಬೊಬ್ಬರನ್ನೂ ಕೇಳಿದ. ಒಬ್ಬರೂ ಬಿಡದಂತೆ ಎಲ್ಲರೂ ಒಂದೇ ಮಾತು ಹೇಳಿದರು. ಆ ಅಂಟಿನ ಒಲೆ ನಮ್ಮ ಅರ್ಧ ಹಗಲನ್ನು ತಿನ್ನುತ್ತದೆ. ಹೊಗೆಗೆ ಕಣ್ಣು ಉರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಕೂರುವವರ ನಾಲಿಗೆ ಉರಿಸುತ್ತದೆ.

ವ್ಯಾಪಾರಿ ಮಾತಿನ ಮನುಷ್ಯ. ಊರಾಚೆ ಅಂಟಿನ ಮನೆ ಕಟ್ಟಿಸಿ ಆಳುಗಳನ್ನಿಟ್ಟ. ದಿನವೂ ಮುಂಜಾನೆ ತೆಳು ಬೇಕಾದವರಿಗೆ ತೆಳು, ಗಟ್ಟಿ ಬೇಕಾದವರಿಗೆ ಗಟ್ಟಿ, ಮುಚ್ಚಿದ ಗಡಿಗೆಯಲ್ಲಿ ಬೆಚ್ಚಗೆ ಬಾಗಿಲಿಗೆ ಬರತೊಡಗಿತು. ಒಬ್ಬೊಬ್ಬರ ಮನೆಗೂ ಎತ್ತರದ ಗೋಡೆ ಬಂದಿತು. ಜನ ಅವನನ್ನು ಬಾಯ್ತುಂಬ ಹರಸಿದರು. ಕೊಪ್ಪರಿಗೆಯನ್ನು ಬೋರಲು ಹಾಕಿದರು. ಅದರ ಮೇಲೆ ಕೋಳಿಗಳು ಕೂರತೊಡಗಿದವು.

ಈಗ ಇಡೀ ಹಗಲು ಕೆಲಸಕ್ಕೆ. ಗೊಂಬೆಗಳ ಮೈಮೇಲೆ ಒಡವೆ ಹೆಚ್ಚಿದವು. ಎಲೆಗಳ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಳ್ಳಿಗಳು ಹಬ್ಬಿದವು. ಮದ್ದಳೆಗಳು ಮುಖ ಕಾಣುವಷ್ಟು ಹೊಳೆದವು. ನೋಡಿದವರು ಆಹಾ ಎಂದರು. ವ್ಯಾಪಾರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಈ ಸುಗ್ಗಿಗೆ ದೊಡ್ಡ ದೊಡ್ಡವರನ್ನು ಕರೆಯುತ್ತೇನೆ, ಯಾರೂ ಕಾಣದ ಹೊಸ ಆಟ ಆಡಿಸಬೇಕು ಎಂದು ಗೊಂಬೆಯವಳನ್ನು ಕೇಳಿದ. ಅವಳು ಒಪ್ಪಿದಳು.

ಒಪ್ಪುವುದೆಂದರೆ ಆ ಸೀಮೆಯಲ್ಲಿ ಸಣ್ಣ ಮಾತಲ್ಲ. ಆಟ ಮುಗಿಯುವ ಮೊದಲೇ ಜನ ಎದ್ದು ಹೋದರೆ, ಆಡಿಸಿದವರು ತಮ್ಮ ಪರದೆಯನ್ನು ಮಡಚಿ ಬೇರೆ ಮೇಳಕ್ಕೆ ಒಪ್ಪಿಸಬೇಕು. ಮತ್ತೆ ಗೊಂಬೆ ಮುಟ್ಟುವಂತಿಲ್ಲ. ಇವಳ ಪರದೆ ಅವಳ ತಾಯಿಯ ಬಿಳಿ ಸೀರೆಯಿಂದ ಹೊಲಿದದ್ದು. ತಾಯಿಯ ಕಾಲದಲ್ಲಿ ಅದರ ಮುಂದಿನಿಂದ ಒಬ್ಬರೂ ಎದ್ದಿರಲಿಲ್ಲ.

ಸುಗ್ಗಿ ಹತ್ತಿರ ಬಂದಾಗ ಅವಳು ಕಿಟಕಿ ಮುಚ್ಚಿ, ದೀಪ ಹಚ್ಚಿ, ಓಣಿಯ ಮಕ್ಕಳನ್ನು ಕೂರಿಸಿ ಆಟವನ್ನು ಒಮ್ಮೆ ಆಡಿಸಿ ನೋಡಿದಳು. ಮಕ್ಕಳು ಮೊದಲು ಒಡವೆಗಳನ್ನು ಬೆರಗಿನಿಂದ ನೋಡಿದರು. ಆಮೇಲೆ ಆಕಳಿಸಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಿಸಿಲಿಗೆ ಆಡಲು ಹೋದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳೂ ದೀಪ ಮಂಕು ಎಂದುಕೊಂಡು ಬತ್ತಿ ಬದಲಿಸಿ ಮತ್ತೆ ಆಡಿಸಿದಳು. ಆಗ ಇನ್ನೂ ಬೇಗ ಎದ್ದರು. ತಾಯಿಯ ಸೀರೆ ಕೈಬಿಟ್ಟು ಹೋಗುವುದು ಕಣ್ಣಿಗೆ ಕಟ್ಟಿದಂತಾಯಿತು.

ರಾಕ್ಷಸನನ್ನು ಎತ್ತಿಕೊಂಡು ಎಲೆ ಬರೆಯುವವನ ಮನೆಗೆ ಓಡಿದಳು. ಅವನು ಬಾಗಿಲು ತೆರೆದು, ಚಾಪೆ ಹಾಸಿ, ಮಜ್ಜಿಗೆ ಕೊಟ್ಟ. ತನ್ನ ಎಲೆಗಳ ಮೇಲೆ ಬಟ್ಟೆ ಮುಚ್ಚಿದ. ರಾಕ್ಷಸನನ್ನು ಅತ್ತಿತ್ತ ತಿರುಗಿಸಿ ನೋಡಿದ. "ಭಾಳ ಛಂದ ಐತಿ, ತಂಗಿ" ಎಂದ.

ಅವಳು ಮನೆ ತಲುಪುವ ತನಕ ಅಳುತ್ತ ಹೋದಳು.

ಇಲ್ಲಿ ಅಡವಯ್ಯನವರು ನಿಲ್ಲಿಸಿ, ಏಕೆ ಅತ್ತಳು ಹೇಳು ಎಂದು ಶಂಭುಲಿಂಗನ ಮೊಣಕಾಲಿಗೆ ತಟ್ಟಿದರು. ಛಂದ ಐತಿ ಎಂದದ್ದಕ್ಕೆ ಅಳುವುದೇಕೆ ಎಂದು ಅವನು ತಿರುಗಿ ಕೇಳಿದ. ಗುರುಗಳಿಗೆ ಕೋಪವೇ ಬಂದಿತು. ಮಜ್ಜಿಗೆ ಕೊಟ್ಟು ಕೂರಿಸಿದ ಅತಿಥಿಗೆ ನಿನ್ನ ರಾಕ್ಷಸನಿಗೆ ನೆಗಡಿ ಎಂದು ಯಾರಾದರೂ ಹೇಳುತ್ತಾರೆಯೇ ಎಂದು ಗದರಿದರು. ಒಲೆಯ ಮುಂದೆ ಮನೆಯೊಡೆಯನೂ ಇಲ್ಲ, ಅತಿಥಿಯೂ ಇಲ್ಲ. ಅಲ್ಲಿ ಆಡಿಕೊಳ್ಳುವವನ ಕೈಯಲ್ಲೂ ಒಂದು ಅರೆಬರೆ ಕೆಲಸವಿರುತ್ತದೆ. ಆದ್ದರಿಂದ ಅವನು ಹೇಳಬಲ್ಲ, ಇವಳು ಸಹಿಸಬಲ್ಲಳು. ಇಷ್ಟು ಹೇಳಿ ಗುರುಗಳು ಮತ್ತೆ ಕತೆಗೆ ಬಂದರು. ಅವರ ಕಣ್ಣು ಹೊಳೆಯುತ್ತಿತ್ತು.

ಮರುದಿನ ಗೊಂಬೆಯವಳು ಬಾಗಿಲಿಗೆ ಬಂದ ಅಂಟಿನ ಗಡಿಗೆಯನ್ನು ಮುಟ್ಟಲಿಲ್ಲ. ಓಣಿಯ ಕೊನೆಗೆ ಹೋಗಿ ಕೋಳಿಗಳನ್ನು ಓಡಿಸಿದಳು. ಕೊಪ್ಪರಿಗೆ ತೊಳೆದು ಒಲೆಯ ಮೇಲಿಟ್ಟು, ಹಸಿ ಸೌದೆ ಊದಿ ಊದಿ ಬೆಂಕಿ ಮಾಡಿದಳು. ರಾಕ್ಷಸನನ್ನು ಮಡಿಲಲ್ಲಿಟ್ಟುಕೊಂಡು ತಿರುವುತ್ತ ಕುಳಿತಳು. ಹೊಗೆ ಎದ್ದು ಗೋಡೆಗಳನ್ನು ದಾಟಿತು.

ಎಲೆ ಬರೆಯುವವನು ಬೈಯುತ್ತ ಹೊರಗೆ ಬಂದ. ಅವಸರದಲ್ಲಿ ಕೈಯಲ್ಲಿದ್ದ, ಬಣ್ಣ ಆರದ ಎಲೆಯನ್ನು ಕೆಳಗಿಡುವುದೇ ಮರೆತಿದ್ದ. ಕೆಮ್ಮುತ್ತ ಅವಳ ಮಡಿಲಿನತ್ತ ನೋಡಿದ. "ಇಷ್ಟು ಒಡವಿ ಹೇರೀಯಲ್ಲ, ಇಂವ ಯುದ್ಧಕ್ಕ ಹೊಂಟಾನೋ, ಮದವಿಗೋ?" ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಹೋದ ಜೀವ ಬಂದಂತಾಯಿತು. ನಿನ್ನ ಎಲೆಯ ರಾಜ ಏನು ಕಡಿಮೆ, ಬಳ್ಳಿಯೊಳಗೆ ಸಿಕ್ಕಿಬಿದ್ದು ಉಸಿರು ಕಟ್ಟಿದ್ದಾನೆ ಎಂದು ತಿರುಗಿ ಕೊಟ್ಟಳು. ಸದ್ದು ಕೇಳಿ ಮದ್ದಳೆಯವನೂ ಮದ್ದಳೆ ತಬ್ಬಿಕೊಂಡು ಬಂದ. ನಿನ್ನ ಆಟದ ದೋಷ ನಾನು ಹೇಳುತ್ತೇನೆ ಎಂದ. ರಾಕ್ಷಸ ಬಂದ ಮೇಲೆ ರಾಜ, ರಾಜ ಬಂದ ಮೇಲೆ ಆನೆ. ಮುಂದೆ ಯಾರೆಂದು ನನ್ನ ಕೈಗೆ ಗೊತ್ತು, ನಿದ್ದೆಯಲ್ಲೂ ಬಾರಿಸುತ್ತದೆ. ನನಗೇ ಬೇಸರವಾದರೆ ನೋಡುವವರಿಗೆ ಆಗದೆ ಇರುತ್ತದೆಯೇ?

ಆಗ ಯಾರೋ ಹೇಳಿದರು: ಮುಂದೆ ಯಾರು ಬರುತ್ತಾರೆಂದು ಆಡಿಸುವವಳಿಗೂ ಗೊತ್ತಿಲ್ಲದಿದ್ದರೆ? ಯಾರು ಹೇಳಿದ್ದೆಂಬುದು ಕೊನೆಯ ತನಕ ತೀರ್ಮಾನವಾಗಲಿಲ್ಲ. ಮೂವರೂ ನಾನೇ ಎನ್ನುತ್ತಿದ್ದರು. ಆ ಮಾತು ಬಿದ್ದದ್ದೇ ತಡ, ಒಬ್ಬರ ಮಾತಿನ ಮೇಲೆ ಒಬ್ಬರು ಮಾತು ಹಾಕಿದರು. ಎಲೆಗಳನ್ನು ನೆಲದ ಮೇಲೆ ಹರಡಿದರು, ಗೊಂಬೆಗಳನ್ನು ಹೊತ್ತು ತಂದರು, ಒಡವೆ ಕಿತ್ತರು, ಕೈಕಾಲು ಸಡಿಲ ಮಾಡಿದರು. ತಿರುವುವುದನ್ನು ಎಲ್ಲರೂ ಮರೆತರು. ಅಂದಿನ ಅಂಟು ತಳ ಹಿಡಿದು ಓಣಿಯೆಲ್ಲ ಸೀದ ವಾಸನೆ.

ಸುಗ್ಗಿಯ ಆಟದಲ್ಲಿ ಪರದೆಯ ಮುಂದೆ ಎಲೆಗಳನ್ನು ಬೋರಲು ಹಾಸಿದ್ದರು. ನೋಡುವವರೇ ಬಂದು ಒಂದು ಎಲೆ ಎತ್ತಬೇಕು. ಅದರಲ್ಲಿ ಯಾರಿದ್ದಾರೋ ಅವರೇ ಪರದೆಗೆ ಬರಬೇಕು. ಮೊದಲನೆಯವನು ಎತ್ತಿದ್ದು ಮೀನು. ರಾಕ್ಷಸನಿಗೆ ಎದುರಾಗಿ ಒಂದು ಮೀನು! ಜನ ಹೋ ಎಂದರು. ಮದ್ದಳೆಯವನ ಕೈ ಮೀನಿಗೆ ತಾಳ ಹುಡುಕುತ್ತ ತಡವರಿಸಿತು, ಸಿಕ್ಕಿದಾಗ ಗುಡುಗಿತು. ಗೊಂಬೆಯವಳು ಅಲ್ಲೇ ಹೊಸ ಮಾತು ಕಟ್ಟಿದಳು. ನನ್ನ ಸರದಿ, ನನ್ನ ಸರದಿ ಎಂದು ಮುದುಕಿಯರು ಮುಂದೆ ನುಗ್ಗಿದರು. ಒಬ್ಬರೂ ಏಳಲಿಲ್ಲ. ಮುಗಿದ ಮೇಲೂ ಏಳಲಿಲ್ಲ; ಇನ್ನೊಮ್ಮೆ ಆಡಿಸು, ಈ ಸಲ ಬೇರೆ ಎಲೆ ಎತ್ತುತ್ತೇವೆ ಎಂದರು. ತಾಯಿಯ ಸೀರೆ ಮಗಳ ಮನೆಯಲ್ಲೇ ಉಳಿಯಿತು.

ವ್ಯಾಪಾರಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದ. ಆದರೆ ಮರುದಿನ ಮುಖ ಸಣ್ಣದು ಮಾಡಿಕೊಂಡು ಒಲೆಯ ಬಳಿಗೆ ಬಂದ. "ನಾ ಏನು ಕಡಿಮಿ ಮಾಡಿದ್ದೆ, ತಾಯಿ? ಅಂಟು ಬಾಗಿಲಿಗೇ ಕಳಸಲಿಲ್ಲೇನು?" ಎಂದ.

"ಕಳಿಸಿದ್ರಿ, ಧಣಿ. ನಾವ ಬೇಡಿದ್ವಿ, ನೀವು ಕೊಟ್ರಿ" ಎಂದಳು ಅವಳು. "ನಮಗ ಏನ ಬೇಕಂತ ನಮಗೂ ಗೊತ್ತಿರಲಿಲ್ಲ."

ಅವನು ತಾನೂ ಇಲ್ಲಿ ಕೂರಬಹುದೇ ಎಂದು ಕೇಳಿದ. ಕಟ್ಟಳೆ ಒಂದೇ, ಕೈಯಲ್ಲಿ ಅರೆಬರೆ ಕೆಲಸವಿರಬೇಕು ಎಂದರು. ಅವನು ಯೋಚಿಸಿ ನೋಡಿದ. ಅವನ ಬಳಿ ಇದ್ದದ್ದೆಲ್ಲ ಯಾರೋ ಮಾಡಿ ಮುಗಿಸಿದ್ದು, ಇವನು ಕೊಂಡದ್ದು. ಪ್ರಾಮಾಣಿಕ ಮನುಷ್ಯ, ಇಲ್ಲ ಎಂದು ಒಪ್ಪಿಕೊಂಡ. ಹಾಗಾದರೆ ಸೌದೆ ತನ್ನಿ, ಹಸಿ ಸೌದೆಗೆ ನಮ್ಮ ಕಣ್ಣು ಹೋಗುತ್ತಿದೆ ಎಂದಳು. ಅಂದಿನಿಂದ ಅವನ ಬಂಡಿ ಒಣ ಸೌದೆ ಹೊತ್ತು ಬರತೊಡಗಿತು. ಆ ಒಲೆಗೆ ಸೌದೆ ನನ್ನದು ಎಂದು ಅವನು ಸಾಯುವ ತನಕ ಹೆಮ್ಮೆಯಿಂದ ಹೇಳಿಕೊಂಡ.

ಗುರುಗಳು ಕತೆ ಮುಗಿಸುವಷ್ಟರಲ್ಲಿ ಶಂಭುಲಿಂಗ ಮೊಣಕಾಲೂರಿ ನಕ್ಷೆಯ ಮೇಲೆ ಬಾಗಿದ್ದ. ತಿಳಿಯಿತು, ತಿಳಿಯಿತು ಎನ್ನುತ್ತ ಚಿಲಕಗಳನ್ನೆಲ್ಲ ಅಳಿಸಿದ. ಬಾಗಿಲಿಗೆ ಬರುವ ಚಹಾ ಹೊಡೆದುಹಾಕಿದ. ನಡುವೆ ಇದ್ದ ಗೋಡೆಗಳನ್ನು ಒರೆಸಿ, ಆ ಜಾಗದಲ್ಲಿ ಒಂದು ದೊಡ್ಡ ಒಲೆ ಬರೆದ. ಸಿನಿಮಾದವರು, ಕಂಪ್ಯೂಟರ್ ಆಟದವರು, ಹಾಡುವವರು ಎಲ್ಲರೂ ಅರೆಬರೆ ಕೆಲಸ ಹಿಡಿದೇ ಇಲ್ಲಿಗೆ ಚಹಾಕ್ಕೆ ಬರಬೇಕು, ಸೌದೆ ದಾನಿಯದು ಎಂದ. ತಾನಂತೂ ದಿನವೂ ಎಲ್ಲರಿಗಿಂತ ಮೊದಲೇ ಬಂದು ಒಲೆ ಹಚ್ಚುವುದಾಗಿ ಹೇಳಿದ. ಅವನ ಕೈ ಹಳೆಯ ಧೈರ್ಯದಲ್ಲೇ ರೇಖೆ ಎಳೆಯುತ್ತಿತ್ತು.

ಅಡವಯ್ಯನವರು ಆ ಕೈಯನ್ನೇ ನೋಡುತ್ತಿದ್ದರು. ನಗುತ್ತಲೇ ಕೇಳಿದರು:

"ಒಲಿ ಛಲೋ ಬರದಿ, ಶಂಭುಲಿಂಗ, ಅದರ ಮುಂದ ಕೂಡಾಕ ಬರೋವಾಗ ನೀ ಕೈಯಾಗ ಏನ ಹಿಡಕೊಂಡು ಬರತಿ?"

ಶಂಭುಲಿಂಗನ ಕಣ್ಣ ಮುಂದೆ, ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಚಿತ್ರ ಬಂದಿತು.