ಪಟ್ಟದ ವಿಭೂತಿ

ಕರಿಗುಡ್ಡದ ತಪ್ಪಲಲ್ಲಿ ಶ್ರೀ ನಿರ್ವಾಣಯ್ಯನವರ ಮಠ. ಮಠವೆಂದರೆ ಒಂದು ಹುಲ್ಲಿನ ಗುಡಿಸಲು, ಅದಕ್ಕಿಂತ ದೊಡ್ಡದೊಂದು ಕೊಟ್ಟಿಗೆ. ಆ ಸೀಮೆಯ ಅರಸನಿಗೆ ಪಟ್ಟವಾಗಬೇಕಾದರೆ ಪೂಜ್ಯರು ತಾವೇ ಮಾಡಿದ ವಿಭೂತಿಯನ್ನು ಅವನ ಹಣೆಗೆ ಹಚ್ಚಬೇಕು. ಇಲ್ಲದಿದ್ದರೆ ಹಳ್ಳಿಗಳ ಗೌಡರು ಯಾರೂ ತಲೆಬಾಗರು.

ಹಳೆಯ ಅರಸ ತೀರಿಕೊಂಡ. ಮಕ್ಕಳಾದ ಬೊಮ್ಮರಸ, ಸೋಮರಸ ಇಬ್ಬರೂ ಸಿಂಹಾಸನಕ್ಕಾಗಿ ದಂಡು ಕಟ್ಟಿ ಎದುರುಬದುರು ನಿಂತರು. ಕಿರಿಯ ಸೋಮರಸನ ದಳವಾಯಿ ಮಾಚಣ್ಣ ವಿಭೂತಿಗಾಗಿ ಮಠಕ್ಕೆ ಬಂದ. ಬರಿಗೈಯಲ್ಲಿ ಹಿಂದಿರುಗಿದರೆ ಗೌಡರೆಲ್ಲ ಅಣ್ಣನ ಕಡೆಗೆ ಜಾರುವರು. ಬೂದಿಯ ಮೇಲೆ ಅವನಿಗೇನೂ ನಂಬಿಕೆ ಇರಲಿಲ್ಲ. ಗೌಡರಿಗಿತ್ತಲ್ಲ.

ಪೂಜ್ಯರು ಬರಿದಾದ ಕೊಟ್ಟಿಗೆ ಗುಡಿಸುತ್ತಿದ್ದರು.

"ವಿಭೂತಿ ಇಲ್ಲ," ಎಂದರು. "ಸಗಣಿ ಇಲ್ಲ. ಹಸು ಇಲ್ಲ."

"ಒಲೆಯ ಬೂದಿ ಕೊಡಿ ಬುದ್ಧಿ. ಯಾರಿಗೆ ಗೊತ್ತಾಗುತ್ತೆ?"

"ನಿನಗೆ."

ಮಾಚಣ್ಣ ನೆಲ ನೋಡಿದ. ನಾಲ್ಕು ದಿನದ ಹಿಂದೆ ಗುಡ್ಡದಲ್ಲಿ ಮೇಯುತ್ತಿದ್ದ ಮಠದ, ಹಳ್ಳಿಗಳ ಹಸುಗಳನ್ನೆಲ್ಲ ಹೊಡೆಸಿಕೊಂಡು ಹೋದವನು ಅವನೇ. ಮನೆಮನೆಯಲ್ಲಿ ಕಟ್ಟಿದ್ದ ಕರುಗಳನ್ನು ಬೊಮ್ಮರಸನ ದಂಡಿನವರು ಒಯ್ದಿದ್ದರು.

"ತಂದು ಬಿಡು," ಎಂದರು ಪೂಜ್ಯರು. "ಕರುಗಳನ್ನೂ."

ಸೋಮರಸ ಕೇಳಿ ನಕ್ಕ. "ಬೂದಿಗೆ ತಾನೆ? ಬಿಟ್ಟು ಬಾ ಮಾಚಣ್ಣ. ಪಟ್ಟವಾದ ಮರುದಿನ ಮತ್ತೆ ಹೊಡೆದು ತಂದರಾಯ್ತು."

ಮಾಚಣ್ಣನೂ ನಕ್ಕ. ಹಸುಗಳ ಹಿಂದೆ ನಡೆಯುವಾಗ ಆ ನಗು ಉಳಿಯಲಿಲ್ಲ. ಕೆಚ್ಚಲು ಬಿಗಿದು, ಅವು ದಾರಿಯುದ್ದಕ್ಕೂ ಕರುವಿಗಾಗಿ ಕೂಗುತ್ತಿದ್ದವು. ಅವುಗಳನ್ನು ಕೊಟ್ಟಿಗೆಗೆ ಸೇರಿಸಿ, ಕತ್ತಿಯನ್ನು ಅಲ್ಲೇ ಬಿಚ್ಚಿಟ್ಟು, ಬೊಮ್ಮರಸನ ಪಾಳೆಯಕ್ಕೆ ಒಬ್ಬನೇ ಹೋದ.

"ಏನ್ ದಳವಾಯಿಗಳೇ, ಶರಣಾಗೋಕೆ ಬಂದ್ರಾ?" ಎಂದ ಕಾವಲಿನವನು.

"ಕರು ಕೇಳೋಕೆ."

"ನೀವೇ ಹಾಲು ಕುಡಿಸ್ತೀರೇನೋ."

"ತಾಯಿ ಕುಡಿಸ್ತಾಳೆ. ದಾರಿ ಬಿಡಪ್ಪ."

ಬೊಮ್ಮರಸ ಹೊರಗೆ ಬಂದ. ವಿಷಯ ತಿಳಿದು, ಕರುಗಳನ್ನು ಕಟ್ಟಿದ್ದ ಕಡೆಗೆ ಮಾಚಣ್ಣನನ್ನು ಕರೆದೊಯ್ದ. "ಮೂರು ಕರು ಸತ್ತವು," ಎಂದ. "ನನ್ನ ತಪ್ಪು." ಏಳಲಾರದೆ ಮಲಗಿದ್ದ ಕರುವೊಂದನ್ನು ಹೆಗಲಿಗೇರಿಸಿಕೊಂಡು ತಾನೇ ಮುಂದೆ ನಡೆದ. ವಿಭೂತಿಯ ಮಾತನ್ನೇ ಎತ್ತಲಿಲ್ಲ.

ಮಠದಂಗಳದಲ್ಲಿ ಗೌಡರು ತಮ್ಮ ಹಸುಗಳಿಗಾಗಿ ಕಾದಿದ್ದರು. ಅವರೆದುರಿಗೇ ಪೂಜ್ಯರು ಕೇಳಿದರು: "ಮಾಚಣ್ಣ, ನಿನ್ನ ಅರಸ ಏನಂದ?"

ಸುಳ್ಳು ಹೇಳಬಹುದಿತ್ತು. ಪಕ್ಕದಲ್ಲಿ ಕರುವೊಂದು ತಾಯಿಯ ಕೆಚ್ಚಲಿಗೆ ಮೂತಿ ಗುದ್ದುತ್ತಿತ್ತು. ಮಾಚಣ್ಣ ಇದ್ದದ್ದನ್ನು ಇದ್ದಂತೆ ಹೇಳಿದ.

ಸಗಣಿಯ ಉಂಡೆ ಒಣಗಿ, ಸುಟ್ಟು, ವಿಭೂತಿಯಾಗಲು ಹದಿನೈದು ದಿನ ಹಿಡಿಯಿತು. ಪೂಜ್ಯರು ಅದನ್ನು ಬೊಮ್ಮರಸನ ಹಣೆಗೆ ಹಚ್ಚಿದರು. ಗೌಡರು ತಲೆಬಾಗಿದರು. ಸೋಮರಸನ ದಂಡು ಒಂದು ಬಾಣವನ್ನೂ ಬಿಡದೆ ಕರಗಿತು.

ಮಾಚಣ್ಣ ಮಠದಲ್ಲೇ ಉಳಿದ. ಸಗಣಿ ಬಾಚುವ ಸೇವೆಯನ್ನು ಕೇಳಿ ಪಡೆದ. ಎಷ್ಟೋ ವರ್ಷಗಳ ಮೇಲೆ ಭಕ್ತರೊಬ್ಬರು ಅವನನ್ನು ಕೇಳಿದರು: "ನೀವು ಹಿಂದೆ ದಳವಾಯಿ ಆಗಿದ್ರಂತೆ?"

"ಹೌದು," ಎಂದ ಮಾಚಣ್ಣ. "ದನ ಕದೀತಿದ್ದ ಕಾಲದಲ್ಲಿ."